ಚೀಟಿ ಅರ್ಥವಾಗಬೇಕಾದದ್ದು ನಿಮಗಲ್ಲ, ನಿಮ್ಮ ತಂದೆಗೆ

ತಂದೆಗೆ ತುಮಕೂರಿನ ವೈದ್ಯರು ಬರೆದುಕೊಟ್ಟ ಔಷಧ ಚೀಟಿ ಓದಲು ಬರುತ್ತಿಲ್ಲ, ಆ ಕೈಬರಹವನ್ನೂ ಸಂಕೇತಗಳನ್ನೂ ಮನೆಯಲ್ಲೇ ಕಲಿಯುವುದು ಹೇಗೆ ಎಂದು ಕೇಳಿದ್ದೀರಿ. ಕಲಿಯಬಹುದು. ನಾನೂ ಕಲಿತಿದ್ದೆ. ಹಾಗೆ ಕಲಿತ ಮೇಲೆಯೇ ನನ್ನ ಅಮ್ಮ ತೀವ್ರ ನಿಗಾ ಘಟಕ ಸೇರಿದ್ದು.

ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಅಮ್ಮನ ಬೆರಳ ಗೆಣ್ಣುಗಳು ಊದಿಕೊಂಡು, ಬೆಳಿಗ್ಗೆ ಎದ್ದರೆ ಚೊಂಬು ಹಿಡಿಯಲೂ ಆಗದಂತಾದಾಗ ತುಮಕೂರಿಗೆ ಕರೆದುಕೊಂಡು ಹೋದೆ. ರುಮಟಾಯ್ಡ್ ಸಂಧಿವಾತ ಎಂದರು. ಚೀಟಿ ಕಂಪ್ಯೂಟರಿನಲ್ಲಿ ಮುದ್ರಿಸಿದ್ದು, ಒಂದಕ್ಷರವೂ ಗೋಜಲಿರಲಿಲ್ಲ. ಊಟವಾದ ಮೇಲೆ ನೋವಿನ ಮಾತ್ರೆ, ಬರಿಹೊಟ್ಟೆಗೆ ಗ್ಯಾಸ್ಟ್ರಿಕ್ ಮಾತ್ರೆ, ಫೋಲಿಕ್ ಆಮ್ಲ, ಜೊತೆಗೆ ಮೆಥೊಟ್ರೆಕ್ಸೇಟ್ 7.5 ಮಿಲಿಗ್ರಾಂ. ಅದರ ಮುಂದೆ 0-0-1. ಅಂದರೆ ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

ಅಮ್ಮನಿಗೆ ಇಂಗ್ಲಿಷ್ ಬಾರದು. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಕನ್ನಡದಲ್ಲಿ ಪಟ್ಟಿ ಬರೆದೆ: ಮಾತ್ರೆಯ ಹೆಸರು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಮೂಲ ಚೀಟಿಯಲ್ಲಿ ಇನ್ನೊಂದು ಅಂಕಣವಿತ್ತು. ಮೆಥೊಟ್ರೆಕ್ಸೇಟ್ ಸಾಲಿನ ಕೊನೆಯಲ್ಲಿ, ಆ ಅಂಕಣದಲ್ಲಿ, ಸಣ್ಣ ಅಕ್ಷರಗಳಲ್ಲಿ ‘ವೀಕ್ಲಿ’, ಅಂದರೆ ವಾರಕ್ಕೊಮ್ಮೆ, ಎಂದಿತ್ತು. ನಾನು ಎಳೆದ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಈ ತಪ್ಪನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಯಾರು ಬೇಕಾದರೂ ಮಾಡಬಹುದು. 0-0-1 ಎನ್ನುವುದು ದಿನದ ಯಾವ ಹೊತ್ತಿಗೆ ಎಂದಷ್ಟೇ ಹೇಳುತ್ತದೆ. ಯಾವ ಯಾವ ದಿನ ಎಂದು ಹೇಳುವುದೇ ಇಲ್ಲ. ಮೂರು ಅಂಕಿ ಕಂಡ ಕೂಡಲೇ ‘ದಿನಾಲೂ’ ಎಂಬುದನ್ನು ಸೇರಿಸಿಕೊಂಡವನು ನಾನು. ಮಿಕ್ಕ ಮಾತ್ರೆಗಳೆಲ್ಲ ದಿನಾಲೂ ನುಂಗುವಂಥವೇ ಆಗಿದ್ದರಿಂದ ಅನುಮಾನವೂ ಬರಲಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಮೊದಲ ರಾತ್ರಿ ಮಾತ್ರೆ ಕೊಡುವಾಗ ಅಮ್ಮ, “ಇದನ್ನು ವಾರಕ್ಕೊಂದು ಎಂದರಲ್ಲವೇ ಡಾಕ್ಟರು?” ಎಂದು ಕೇಳಿದರು. ನಾನು ಗೋಡೆಯ ಪಟ್ಟಿ ನೋಡಿ, “ಇಲ್ಲಮ್ಮ, ರಾತ್ರಿ ಒಂದು” ಎಂದೆ. ಓದಿದ ಮಗ ಹೇಳಿದ ಮೇಲೆ ಮುಗಿಯಿತು, ಆಕೆ ಮತ್ತೆ ಕೇಳಲಿಲ್ಲ. ವೈದ್ಯರ ಕೋಣೆಯಲ್ಲಿ ಸರಿಯಾಗಿ ಕೇಳಿಸಿಕೊಂಡಿದ್ದವರು ಆಕೆಯೊಬ್ಬರೇ.

ವಾರ ಕಳೆಯುವಷ್ಟರಲ್ಲಿ ಬಾಯಿ ತುಂಬ ಹುಣ್ಣು. ನಮ್ಮ ಕಡೆ ಬಾಯಿ ಹುಣ್ಣಾದರೆ ಉಷ್ಣ ಎನ್ನುತ್ತೇವೆ. ಮಜ್ಜಿಗೆ ಕೊಟ್ಟೆವು, ತೋಟದಿಂದ ಎಳನೀರು ಇಳಿಸಿ ಕೊಟ್ಟೆವು, ಬಿ ಕಾಂಪ್ಲೆಕ್ಸ್ ತಂದೆವು. ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತು ಕೂಡ ಗಂಟಲಿಗೆ ಇಳಿಯುತ್ತಿರಲಿಲ್ಲ. ಆದರೂ ರಾತ್ರಿಯ ಆ ಹಳದಿ ಬಣ್ಣದ ಪುಟ್ಟ ಮಾತ್ರೆಯನ್ನು ತಪ್ಪದೆ ಕೊಡುತ್ತಲೇ ಇದ್ದೆ. ಆಮೇಲೆ ಜ್ವರ ಬಂತು, ತೋಳಿನ ಮೇಲೆ ನೀಲಿ ಕಲೆಗಳೆದ್ದವು. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಪಾತಾಳ ಕಂಡಿದ್ದವು.

ಆ ಹಳದಿ ಮಾತ್ರೆಯೇ ಮೆಥೊಟ್ರೆಕ್ಸೇಟ್; ಅದನ್ನು ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ಕ್ಯಾನ್ಸರಿಗೂ ಬಳಸುವ ಔಷಧ ಅದು. ಜೀವಕೋಶಗಳು ಫೋಲೇಟ್ ಎಂಬ ಜೀವಸತ್ವವನ್ನು ಬಳಸಿಕೊಳ್ಳದಂತೆ ತಡೆಯುತ್ತದೆ. ಹಾಗಾಗಿ ಬೇಗ ಬೇಗ ಹುಟ್ಟುವ ಕೋಶಗಳಿರುವ ಕಡೆ, ಅಂದರೆ ಬಾಯಿಯ ಒಳಪದರಕ್ಕೆ, ಮೂಳೆಯೊಳಗಿನ ಮಜ್ಜೆಗೆ, ಮೊದಲ ಪೆಟ್ಟು ಬೀಳುತ್ತದೆ. ಆ ಔಷಧದ ವಿಷ ಇಳಿಸಲು ಫೋಲಿನಿಕ್ ಆಮ್ಲದ ಚುಚ್ಚುಮದ್ದು ಕೊಟ್ಟರು. ಅಮ್ಮ ಉಳಿದರು. ವರ್ಷವಿಡೀ ಅಟ್ಟದ ಮೇಲೆ ಒಣಗಿಸಿ ತಿಪಟೂರಿನ ಹರಾಜಿಗೆ ಹಾಕಿದ ಉಂಡೆ ಕೊಬ್ಬರಿಯ ದುಡ್ಡೆಲ್ಲ ಆಸ್ಪತ್ರೆಗೆ ಹೋಯಿತು. ಅದರ ಬಗ್ಗೆ ನನಗೆ ದುಃಖವಿಲ್ಲ. ಆಕೆ ಕೇಳಿದ ಆ ಒಂದು ಪ್ರಶ್ನೆಯನ್ನು ತಳ್ಳಿಹಾಕಿದ್ದಕ್ಕೆ ಇದೆ.

ಸಂಕೇತಗಳು ಬೇಕೇ ಬೇಕೆಂದರೆ ಇಷ್ಟೇ: ಒಡಿ (OD) ಎಂದರೆ ದಿನಕ್ಕೊಮ್ಮೆ, ಬಿಡಿ (BD) ಎರಡು ಸಲ, ಟಿಡಿಎಸ್ (TDS) ಮೂರು ಸಲ, ಎಚ್‌ಎಸ್ (HS) ಮಲಗುವಾಗ, ಎಸಿ (AC) ಊಟಕ್ಕೆ ಮೊದಲು, ಪಿಸಿ (PC) ಊಟವಾದ ಮೇಲೆ, ಎಸ್‌ಒಎಸ್ (SOS) ಅಗತ್ಯಬಿದ್ದಾಗ ಮಾತ್ರ. ಕೈಬರಹ ಓದುವುದನ್ನು ಕಲಿಯುವ ಗೋಜಿಗೆ ಮಾತ್ರ ಹೋಗಬೇಡಿ. ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತ್ತು. ಓದಲಾಗದ ಚೀಟಿಯನ್ನು ಹಿಂದಕ್ಕೆ ಒಯ್ದು ಮತ್ತೆ ಬರೆಸಿಕೊಳ್ಳಿ. ಊಹಿಸಿ ಓದಿದ ಔಷಧಕ್ಕಿಂತ ಇನ್ನೊಂದು ಗಂಟೆ ಸರದಿಯಲ್ಲಿ ಕಾಯುವುದು ಮೇಲು.

ಚೀಟಿ ಕನ್ನಡದಲ್ಲಿದ್ದರೆ ಸಾಕಲ್ಲವೇ ಎಂದೂ ಕೇಳಿದ್ದೀರಿ. ಸರ್ಕಾರಿ ವೈದ್ಯರು ಕನ್ನಡದಲ್ಲೇ ಬರೆಯುವಂತಾಗಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದಿದ್ದರು. ಆಗಲಿ, ನಾನು ಮನಸಾರೆ ಒಪ್ಪುತ್ತೇನೆ. ಆದರೆ ನನ್ನ ಅಮ್ಮನನ್ನು ಸಾವಿನ ಬಾಗಿಲಿಗೆ ಒಯ್ದ ಪಟ್ಟಿ ಅಚ್ಚ ಕನ್ನಡದಲ್ಲಿತ್ತು.

ಈಗ ನಾವು ಮಾಡುವುದನ್ನು ಹೇಳುತ್ತೇನೆ. ಕೋಣೆಯಿಂದ ಏಳುವ ಮುನ್ನ ಅಮ್ಮ ವೈದ್ಯರೆದುರು ಒಂದೊಂದೇ ಮಾತ್ರೆಯ ಬಗ್ಗೆ ಬಾಯಿಬಿಟ್ಟು ಹೇಳುತ್ತಾರೆ: ಇದು ಇಂಥದ್ದಕ್ಕೆ, ಇಂಥ ದಿನ, ಇಂಥ ಹೊತ್ತಿಗೆ, ಏನಾದರೆ ನಿಲ್ಲಿಸಿ ಓಡಿಬರಬೇಕು. ತಪ್ಪಿದರೆ ವೈದ್ಯರು ಅಲ್ಲೇ ತಿದ್ದುತ್ತಾರೆ. ನಾನು ಸುಮ್ಮನೆ ಪಕ್ಕದಲ್ಲಿ ಕುಳಿತಿರುತ್ತೇನೆ. ಸಮಯವಿಲ್ಲ ಎಂದು ಒಬ್ಬ ವೈದ್ಯರು ಗದರಿದರು, ಅವರ ಬಳಿ ಹೋಗುವುದನ್ನು ಬಿಟ್ಟೆವು. ಕೆಲಕಾಲ ನಿಲ್ಲಿಸಿದ್ದ ಅದೇ ಮಾತ್ರೆಯನ್ನು ಮತ್ತೆ ಆರಂಭಿಸಿದಾಗ ಅಮ್ಮನೇ ಸೋಮವಾರ ಎಂದು ದಿನ ಗೊತ್ತುಮಾಡಿದರು. ಅಂದು ಗುಬ್ಬಿಯ ಚನ್ನಬಸವೇಶ್ವರ ದೇವಸ್ಥಾನಕ್ಕೆ ಹೋಗಿಬರುತ್ತಾರೆ, ಆದ್ದರಿಂದ ದಿನ ಮರೆಯುವುದಿಲ್ಲ.

ನಿಮ್ಮ ತಂದೆಯನ್ನೂ ಹೀಗೆ ಮಾತನಾಡಲು ಬಿಡಿ. ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಹಳೆಯವನ್ನೂ ಬಿಡದೆ. ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಆಗಿರುವ ಎರಡು ಸ್ಟ್ರಿಪ್‌ಗಳು ಅಲ್ಲೇ ಪತ್ತೆಯಾಗುತ್ತವೆ. 60,000 ಯೂನಿಟ್‌ನ ವಿಟಮಿನ್ ಡಿ ಕೂಡ ಸಾಮಾನ್ಯವಾಗಿ ವಾರಕ್ಕೊಮ್ಮೆಯದು. ಅಂಥ ಯಾವುದೇ ಔಷಧವಿದ್ದರೆ ವಾರದ ದಿನದ ಹೆಸರನ್ನು ವೈದ್ಯರ ಕೈಯಿಂದಲೇ ಚೀಟಿಯ ಮೇಲೆ ಬರೆಸಿಕೊಳ್ಳಿ. ಈಗಾಗಲೇ ಅವರಿಗೆ ಬಾಯಿ ಹುಣ್ಣೋ ಜ್ವರವೋ ಹೊಸದಾಗಿ ಕಾಣಿಸಿಕೊಂಡಿದ್ದರೆ, ಮುಂದಿನ ಭೇಟಿಯ ತನಕ ಕಾಯಬೇಡಿ, ಇವತ್ತೇ ಹೋಗಿ.