ಗಾಣ ತಿರುಗ್ತಿದೆ, ಕಬ್ಬು ಬಂದಿಲ್ಲ

ಪ್ರಶ್ನೆ: ಸರ್, ನಾನು ಬಿಸಿಎ ಮೊದಲ್ನೇ ವರ್ಷ. ಅಣ್ಣನ ಹಳೇ ಲ್ಯಾಪ್‌ಟಾಪ್ ಈಗ ನಂದು, 4 ಜಿಬಿ ರ‍್ಯಾಮು, 500 ಜಿಬಿ ಹಾರ್ಡ್ ಡಿಸ್ಕು, ಆನ್ ಆಗೋಕೇ ಐದು ನಿಮಿಷ. ರಿಪೇರಿ ಅಂಗಡಿಯವ್ರು ಪ್ರೊಸೆಸರ್ ಹಳೇದಾಯ್ತು ಹೊಸಾದೇ ತಗೋ ಅಂತಾರೆ, ಅಪ್ಪನ್ನ ಈಗ ದುಡ್ಡು ಕೇಳೋ ಹಾಗಿಲ್ಲ. ಕಾಲೇಜಲ್ಲಿ ರಿಜಿಸ್ಟರ್, ಕ್ಯಾಶ್, ಮೆಮೊರಿ ಹೈರಾರ್ಕಿ ಅಂತ ತ್ರಿಕೋನದ ಚಿತ್ರ ಬರೆಸಿ ಬಾಯಿಪಾಠ ಮಾಡಿಸ್ತಿದಾರೆ. ಅದಕ್ಕೂ ನನ್ನ ಲ್ಯಾಪ್‌ಟಾಪಿಗೂ ಏನಾದ್ರೂ ಸಂಬಂಧ ಇದ್ಯಾ?
– ವಿದ್ಯಾರ್ಥಿನಿ, ಪಾಂಡವಪುರ

ಉತ್ತರ: ಆ ತ್ರಿಕೋನದ ಚಿತ್ರಾನೇ ನಿನ್ನ ಪ್ರಶ್ನೆಗೆ ಉತ್ತರ ಕಣಮ್ಮ. ಪಾಂಡವಪುರದವಳು ಅಂದ್ಮೇಲೆ ಆಲೆಮನೆ ನೋಡೇ ಇರ್ತೀಯ. ಗಾಣ ಎಷ್ಟು ಜೋರಾಗಿ ತಿರುಗಿದ್ರೂ ಅದರ ಬಾಯಿಗೆ ಕಬ್ಬು ಕೊಡದಿದ್ರೆ ಹಾಲು ಎಲ್ಲಿಂದ ಬರುತ್ತೆ? ಪ್ರೊಸೆಸರ್ ಆ ಗಾಣ. ಕಬ್ಬು ಕೊಡೋನ ಕೈಲಿರೋ ಜಲ್ಲೆ ರಿಜಿಸ್ಟರು, ಪಕ್ಕದಲ್ಲಿ ಇಳಿಸಿರೋ ಹೊರೆ ಕ್ಯಾಶು, ಅಂಗಳದ ರಾಶಿ ರ‍್ಯಾಮು, ಇನ್ನೂ ಗದ್ದೇಲಿ ನಿಂತಿರೋ ಕಬ್ಬು ಡಿಸ್ಕು.

ಈಗ ಲೆಕ್ಕ ಹಾಕು. 3 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 300 ಕೋಟಿ ಸಲ ಟಿಕ್ ಅನ್ನುತ್ತೆ. ಹತ್ತಿರದ ಕ್ಯಾಶಿಂದ ಡೇಟಾ ಬರೋಕೆ ನಾಲ್ಕೈದು ಟಿಕ್ ಸಾಕು, ರ‍್ಯಾಮಿಂದ ಅಂದ್ರೆ ಸುಮಾರು 100 ನ್ಯಾನೋಸೆಕೆಂಡ್, ಅಂದ್ರೆ 300 ಟಿಕ್, ಹಾರ್ಡ್ ಡಿಸ್ಕಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಜಾಗಕ್ಕೆ ಬರಬೇಕು, ಅದಕ್ಕೆ ಸುಮಾರು 10 ಮಿಲಿಸೆಕೆಂಡ್, ಅದು 3 ಕೋಟಿ ಟಿಕ್! ಅಷ್ಟು ಹೊತ್ತು ಆ ಕೆಲಸ ಅಲ್ಲೇ ಕಾಯ್ತಾ ನಿಂತಿರುತ್ತೆ. ಅದರ ಮೇಲೆ 4 ಜಿಬಿ ರ‍್ಯಾಮ್ ತುಂಬಿಬಿಟ್ರೆ ವಿಂಡೋಸ್ ಅದರಲ್ಲಿರೋದನ್ನೇ ಡಿಸ್ಕಿಗೆ ಸಾಗಿಸಿ ಬೇಕಾದಾಗ ವಾಪಸ್ ತರ್ತಾ ಇರುತ್ತೆ, ಅಂಗಳದ ಕಬ್ಬನ್ನ ಮತ್ತೆ ಗದ್ದೆಗೆ ಹೊತ್ತ ಹಾಗೆ.

ಅಂಗಡಿಯವ್ರ ಮಾತು ನಂಬೋ ಮುಂಚೆ ನೀನೇ ನೋಡು, ಸ್ಲೋ ಆದಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಅಲ್ಲಿ ಡಿಸ್ಕ್ 100% ಇದ್ದು ಸಿಪಿಯು, ಅಂದ್ರೆ ಪ್ರೊಸೆಸರ್, ಸ್ವಲ್ಪಾನೇ ಓಡ್ತಿದ್ರೆ ತಪ್ಪು ಪ್ರೊಸೆಸರದ್ದಲ್ಲ. ಒಂದು ಎಸ್‌ಎಸ್‌ಡಿ ಹಾಕ್ಸು, ಹಾರ್ಡ್ ಡಿಸ್ಕಿನ ಬದಲು ಡೇಟಾನ ಚಿಪ್ಪಲ್ಲಿ ಇಡೋ ಡಿಸ್ಕು ಅದು, ಅದರಲ್ಲಿ ತಿರುಗೋದೇ ಇಲ್ಲ, ಕಾಯೋದು ನೂರರಲ್ಲೊಂದು ಪಾಲಿಗೆ ಇಳಿಯುತ್ತೆ. ರ‍್ಯಾಮ್ ಸ್ಲಾಟ್ ಇದ್ರೆ 8 ಜಿಬಿ ಮಾಡ್ಸು, ಕೆಲವು ಮಾಡೆಲಲ್ಲಿ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಮೊದಲು ಬಿಚ್ಚಿಸಿ ನೋಡು. ಫೋಟೋ, ನೋಟ್ಸ್ ಎಲ್ಲಾ ಮೊದಲೇ ಕಾಪಿ ಮಾಡ್ಕೊಂಡಿರು.

ಇನ್ನೊಂದು, ಪಾಠ ಇಲ್ಲಿಗೇ ಬಿಡಬೇಡ. ಆಳು ಒಂದೊಂದೇ ಜಲ್ಲೆ ತರಲ್ಲ, ಹೊರೆ ತರ್ತಾನೆ, ಕ್ಯಾಶೂ ಹಾಗೇ, ಸಾಮಾನ್ಯವಾಗಿ ಒಂದು ಸಲಕ್ಕೆ 64 ಬೈಟ್, ಅಂದ್ರೆ 4 ಬೈಟಿನ 16 ಸಂಖ್ಯೆ ಒಟ್ಟಿಗೇ. ಸಿ ಭಾಷೇಲಿ ದೊಡ್ಡ ಅರೇನ, ಅಂದ್ರೆ ಸಾಲು-ಕಂಬದಲ್ಲಿ ಜೋಡಿಸಿದ ಸಂಖ್ಯೆಗಳನ್ನ, ಒಂದ್ಸಲ ಸಾಲು ಸಾಲಾಗಿ, ಇನ್ನೊಂದ್ಸಲ ಕಂಬ ಕಂಬವಾಗಿ ಕೂಡಿಸಿ ಟೈಮ್ ನೋಡು, ಸಾವಿರ ಸಾಲು, ಸಾವಿರ ಕಂಬ ಸಾಕಾಗ್ದಿದ್ರೆ ಎರಡನ್ನೂ ಹತ್ತು ಸಾವಿರ ಮಾಡು. ಕೂಡೋ ಲೆಕ್ಕ ಅಷ್ಟೇ, ಉತ್ತರವೂ ಒಂದೇ, ಆದ್ರೆ ಸಿ ಒಂದು ಸಾಲಿನ ಸಂಖ್ಯೆಗಳನ್ನ ಮೆಮೊರೀಲಿ ಅಕ್ಕಪಕ್ಕ ಇಡುತ್ತೆ, ಹಾಗಾಗಿ ಕಂಬದ ದಾರೀಲಿ ತಂದ ಹೊರೇಲಿ ಒಂದು ಜಲ್ಲೆ ಮಾತ್ರ ಬಳಸಿ ಮಿಕ್ಕಿದ್ದು ಬಿಟ್ಟು ಹೋಗ್ತೀವಿ. ಇದನ್ನ ಕಣ್ಣಾರೆ ನೋಡಿದ್ಮೇಲೆ ಬಾಯಿಪಾಠ ಬೇಕಾಗಲ್ಲ.

ಪ್ರಶ್ನೆ: ಕಂಪ್ಯೂಟರ್ ಆರ್ಗನೈಸೇಷನ್, ಆರ್ಕಿಟೆಕ್ಚರ್ ಎರಡೂ ಒಂದೇ ಅಲ್ವಾ ಸರ್?
– ಡಿಪ್ಲೊಮಾ ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಉತ್ತರ: ಅಲ್ಲಪ್ಪ. ಪ್ರೋಗ್ರಾಂ ಬರೆಯೋನಿಗೆ ಕಾಣೋದು ಆರ್ಕಿಟೆಕ್ಚರ್, ಅಂದ್ರೆ ಯಾವ ಇನ್‌ಸ್ಟ್ರಕ್ಷನ್, ಯಾವ ರಿಜಿಸ್ಟರ್ ಇದೆ ಅನ್ನೋದು. ಅದನ್ನ ಒಳಗೆ ಹೇಗೆ ನಡೆಸ್ತಾರೆ ಅನ್ನೋದು ಆರ್ಗನೈಸೇಷನ್. ಇಂಟೆಲ್ 1978ರಲ್ಲಿ 8086 ಅನ್ನೋ ಪ್ರೊಸೆಸರ್ ತಂದ್ರು, ಮುಂದಿನ ವರ್ಷ 8088. ಎರಡಕ್ಕೂ ಇನ್‌ಸ್ಟ್ರಕ್ಷನ್ ಒಂದೇ, ಆದ್ರೆ ಹೊರಗಿನ ಡೇಟಾ ಬಸ್, ಅಂದ್ರೆ ಮೆಮೊರಿಗೂ ಪ್ರೊಸೆಸರಿಗೂ ನಡುವೆ ಡೇಟಾ ಓಡಾಡೋ ದಾರಿ, 8086ರಲ್ಲಿ 16 ಬಿಟ್, 8088ರಲ್ಲಿ 8 ಬಿಟ್. 16 ಬಿಟ್ಟಿನ ಸಂಖ್ಯೆ ಮೆಮೊರಿಯಿಂದ ತರೋಕೆ 8088 ಎರಡು ಸಲ ಓಡಾಡಬೇಕು, ನಿಧಾನ, ಆದ್ರೆ ಸುತ್ತಲಿನ ಚಿಪ್ಪು ಅಗ್ಗದ್ದು ಸಾಕು. 1981ರ ಐಬಿಎಂ ಪಿಸೀಲಿ ಇದ್ದಿದ್ದು 8088ನೇ. ಪರೀಕ್ಷೇಲಿ ಈ ಜೋಡೀನೇ ಉದಾಹರಣೆ ಬರಿ.