ಲ್ಯಾಬ್‌ನಲ್ಲಿ ಡಮ್ಮಿ ಜೊತೆ ಮಾತಾಡಿ

ನರ್ಸಿಂಗ್ ಕಾಲೇಜಿನ ಸ್ಕಿಲ್ ಲ್ಯಾಬ್‌ನಲ್ಲಿ ಡಮ್ಮಿ ಮೇಲೆ, ಅಂದರೆ ಅಭ್ಯಾಸದ ಗೊಂಬೆ ಮೇಲೆ, ಎಲ್ಲ ಸರಿಯಾಗಿ ಮಾಡುತ್ತೀರಿ, ಆದರೆ ಸೋಮವಾರದಿಂದ ವಾರ್ಡ್ ಪೋಸ್ಟಿಂಗ್ ಅಂದಾಗಿನಿಂದ ನಿದ್ದೆ ಬರುತ್ತಿಲ್ಲ, ನಿಜವಾದ ರೋಗಿ ಇಲ್ಲದೆ ಅಭ್ಯಾಸ ಮಾಡುವ ಈ ಸಿಮ್ಯುಲೇಶನ್‌ನಿಂದ ನಿಜಕ್ಕೂ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ನಮ್ಮಲ್ಲಿ ಬಹಳ ಜನ ಅದನ್ನು ಅರ್ಧ ಮಾತ್ರ ಬಳಸುತ್ತಾರೆ. ಕೈಗೆ ಅಭ್ಯಾಸ ಆಗುತ್ತದೆ, ಬಾಯಿಗೆ ಆಗುವುದಿಲ್ಲ.

ನಾನು ಮೈಸೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದಿದವಳು. ಈಗ ಮಂಡ್ಯದಲ್ಲಿ ವಿದ್ಯಾರ್ಥಿಗಳನ್ನು ವಾರ್ಡ್‌ಗೆ ಕರೆದುಕೊಂಡು ಹೋಗುತ್ತೇನೆ. ನನ್ನ ಮೊದಲ ದಿನ ಏನಾಯಿತು ಅಂತ ಹೇಳಿದರೆ ನಿಮಗೆ ಅರ್ಥವಾಗುತ್ತದೆ.

ಗಂಡಸರ ಮೆಡಿಸಿನ್ ವಾರ್ಡ್. ಮಳವಳ್ಳಿ ಕಡೆಯ ಒಬ್ಬ ಅಜ್ಜನ ಬಿಪಿ ನೋಡಬೇಕಿತ್ತು. ಲ್ಯಾಬ್‌ನಲ್ಲಿ ಇಪ್ಪತ್ತು ಸಲವಾದರೂ ನೋಡಿದ್ದೆ. ಆದರೆ ಅಲ್ಲಿ ಸದ್ದೇ ಇರುವುದಿಲ್ಲ, ಅಲ್ವಾ? ಇಲ್ಲಿ ಕಟಕಟ ಅನ್ನುವ ಫ್ಯಾನು, ಪಕ್ಕದ ಬೆಡ್‌ನವರ ಕೆಮ್ಮು, ಊಟದ ಗಾಡಿಯ ಗಲಾಟೆ. ತೋಳಿಗೆ ಕಫ್ ಕಟ್ಟಿ, ಗಾಳಿ ತುಂಬಿ, ಆಮೇಲೆ ಬಿಡುತ್ತಾ ಬಂದೆ. ಪಾದರಸ ಇಳಿಯುತ್ತಾ ಹೋಯಿತು. ಸ್ಟೆತಸ್ಕೋಪಿನಲ್ಲಿ ಅಜ್ಜನ ನಾಡಿಯ ಸದ್ದು ಕೇಳಬೇಕಿತ್ತು, ಕಿವಿಯಲ್ಲಿ ಕೇಳಿಸಿದ್ದು ನನ್ನ ಎದೆಬಡಿತ ಮಾತ್ರ. ಪಕ್ಕದಲ್ಲಿ ನಿಂತಿದ್ದ ಮಗ "ಎಷ್ಟದೆ ಸಿಸ್ಟರ್?" ಅಂದ. ನನ್ನ ಬಾಯಿಂದ 120/80 ಅಂತ ಬಂದುಬಿಟ್ಟಿತು. ಚಾರ್ಟ್‌ನಲ್ಲೂ ಅದನ್ನೇ ಬರೆದೆ.

ಸ್ವಲ್ಪ ಹೊತ್ತಿಗೆ ವಾರ್ಡ್ ಸಿಸ್ಟರ್ ತಾವೇ ನೋಡಿದರು. 170/100 ಇತ್ತು. ಅವರು ಎಲ್ಲರ ಮುಂದೆ ಬೈಯಲಿಲ್ಲ. ನನ್ನನ್ನು ಮತ್ತೆ ಅದೇ ಬೆಡ್ ಹತ್ತಿರ ಕರೆದುಕೊಂಡು ಹೋಗಿ, ನನ್ನ ಬೆರಳನ್ನು ಅಜ್ಜನ ಮಣಿಕಟ್ಟಿನ ನಾಡಿ ಮೇಲೆ ಇಡಿಸಿದರು. ನಾಡಿ ನಿಂತುಹೋಗುವ ಅಂಕೆ ನೋಡಿಕೋ, ಪೂರ್ತಿ ಗಾಳಿ ಬಿಡು, ಆಮೇಲೆ ಸ್ಟೆತ್ ಇಟ್ಟು ಅದಕ್ಕಿಂತ 30 ಮೇಲೆ ಏರಿಸು, ಸೆಕೆಂಡಿಗೆ ಎರಡು ಮೂರು ಮಿಲಿಮೀಟರಿನ ಹಾಗೆ ನಿಧಾನವಾಗಿ ಇಳಿಸು ಅಂದರು. ಅಜ್ಜ "ಎದ್ರಬ್ಯಾಡ ಕನವ್ವ, ಇನ್ನೊಂದ್ ಸಲ ಕಟ್ಟು" ಅಂತ ತೋಳು ಚಾಚಿದರು. ಎರಡನೇ ಸಲಕ್ಕೆ ಕೇಳಿಸಿತು.

ಆ ರಾತ್ರಿ ಹಾಸ್ಟೆಲಿನಲ್ಲಿ ತುಂಬ ಅತ್ತೆ. ಆ ಸುಳ್ಳು ಅಂಕೆಯನ್ನು ನಂಬಿ ಯಾರಾದರೂ ಅವರ ಮಾತ್ರೆ ನಿಲ್ಲಿಸಿದ್ದರೆ? ನನಗೆ ಬಿಪಿ ನೋಡಲು ಬರುತ್ತಿತ್ತು. "ನನಗೆ ಸರಿಯಾಗಿ ಕೇಳಿಸಲಿಲ್ಲ, ಸಿಸ್ಟರನ್ನು ಕರೆದು ಇನ್ನೊಮ್ಮೆ ನೋಡುತ್ತೇನೆ" ಅನ್ನುವ ಒಂದು ಮಾತು ಬರುತ್ತಿರಲಿಲ್ಲ. ಲ್ಯಾಬ್‌ನಲ್ಲಿ ಅದನ್ನು ಒಂದು ದಿನವೂ ಹೇಳಿರಲಿಲ್ಲ. ಡಮ್ಮಿ ಪ್ರಶ್ನೆ ಕೇಳುವುದಿಲ್ಲ, ನೋವಾದರೆ ಕೈ ಎಳೆದುಕೊಳ್ಳುವುದೂ ಇಲ್ಲ.

ಅದಕ್ಕೇ ಈ ವಾರ ಹೀಗೆ ಮಾಡಿ. ಇಬ್ಬರು ಗೆಳತಿಯರನ್ನು ಕರೆದುಕೊಳ್ಳಿ. ಒಬ್ಬಳು ಬೆಡ್ ಮೇಲೆ ರೋಗಿಯಾಗಿ ಮಲಗಲಿ. ಇನ್ನೊಬ್ಬಳು ಮನೆಯವರ ಹಾಗೆ ನಿಂತು ಸುಮ್ನೆ ಪ್ರಶ್ನೆ ಹಾಕುತ್ತಲೇ ಇರಲಿ. ಮೊಬೈಲಿನಲ್ಲಿ ಬಸ್‌ಸ್ಟ್ಯಾಂಡ್ ಗಲಾಟೆ ಹಾಕಿ. ನೀವು ಹೆಸರು ಕೇಳಿ, ಏನು ಮಾಡುತ್ತಿದ್ದೀರಿ ಅಂತ ಹೇಳಿ, ಆಮೇಲೆ ಕಫ್ ಕಟ್ಟಿ. ಒಂದು ಸಲ ಬೇಕಂತಲೇ "ನನಗೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ" ಅನ್ನಿ. ಜೋರಾಗಿ ಅನ್ನಿ. ಕೇರಳದಿಂದ ಬಂದ ನನ್ನ ರೂಮ್‌ಮೇಟ್ "ಅಜ್ಜಿ, ಸ್ವಲ್ಪ ಈ ಕಡೆ ತಿರುಗಿ" ಅನ್ನುವುದನ್ನು ರಾತ್ರಿಯೆಲ್ಲ ಹೀಗೇ ಕಲಿತಳು.

ಮುಗಿದ ಮೇಲೆ ಹತ್ತು ನಿಮಿಷ ಕೂತು ಮಾತಾಡಿ. ಎಲ್ಲಿ ಗಾಬರಿಯಾಯಿತು, ಯಾಕೆ ಅಂತ. ಇದಕ್ಕೆ ಡಿಬ್ರೀಫಿಂಗ್ ಅನ್ನುತ್ತಾರೆ. ನಮ್ಮಲ್ಲಿ ಟೈಮ್ ಇಲ್ಲ ಅಂತ ಮೊದಲು ಬಿಡುವುದೇ ಇದನ್ನು. ಅಮೆರಿಕದ 10 ನರ್ಸಿಂಗ್ ಕಾಲೇಜುಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನ 2014ರಲ್ಲಿ ಬಂತು. ವಾರ್ಡ್ ಅವಧಿಯ ಅರ್ಧದಷ್ಟನ್ನು ಸಿಮ್ಯುಲೇಶನ್‌ನಲ್ಲಿ ಕಳೆದವರು ಉಳಿದವರಿಗಿಂತ ಹಿಂದೆ ಬೀಳಲಿಲ್ಲ. ಆದರೆ ಅಲ್ಲಿ ತರಬೇತಿ ಪಡೆದ ಟೀಚರ್‌ಗಳಿದ್ದರು, ಪ್ರತಿ ಸಲವೂ ಕೂರಿಸಿ ಮಾತಾಡಿಸುತ್ತಿದ್ದರು. ಬರೀ ಡಮ್ಮಿ ತಂದಿಟ್ಟರೆ ಆ ಫಲ ಸಿಗುವುದಿಲ್ಲ ಅಂತಲೇ ನಾನು ನಂಬಿದ್ದೇನೆ.

ಪೋಸ್ಟಿಂಗ್ ಶುರುವಾಗಿ ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ಅದನ್ನು ಒಬ್ಬರೇ ಹೊರಬೇಡಿ. ನಿಮಗೆ ಹತ್ತಿರವಾದ ಟೀಚರ್‌ಗೆ ಹೇಳಿ. ಅವರಿಗೆ ಹೇಳಲು ಮುಜುಗರವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನೊಂದು, ಸೋಮವಾರ ತಿಂಡಿ ತಿಂದೇ ಹೋಗಿ. ಖಾಲಿ ಹೊಟ್ಟೆಯಲ್ಲಿ ರೌಂಡ್ಸ್‌ಗೆ ನಿಂತು ತಲೆಸುತ್ತಿ ಕೂರುವವರನ್ನು ನಾನು ಪ್ರತಿ ಬ್ಯಾಚ್‌ನಲ್ಲೂ ನೋಡುತ್ತೇನೆ. ಯಾವ ವಾರ್ಡ್ ಹಾಕಿದ್ದಾರೆ ಅಂತ ಗೊತ್ತಾದರೆ ಇಲ್ಲೇ ಕೆಳಗೆ ಬರೆಯಿರಿ, ಅಲ್ಲಿ ಮೊದಲ ವಾರ ಏನೇನು ಮಾಡಿಸುತ್ತಾರೆ ಅಂತ ಹೇಳುತ್ತೇನೆ.