ಅಜ್ಜಿಯ ಹೆಬ್ಬೆಟ್ಟು, ಮೊಮ್ಮಗನ ಜೇಬು: ಪಂಚಾಯಿತಿ ಏನು ಮಾಡಬಹುದು?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮ ಊರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಸಂಧ್ಯಾ ಸುರಕ್ಷಾ ಹಣ ಬರುತ್ತದೆ, ಆದರೆ ಪಾಸ್‌ಬುಕ್ಕು, ಆಧಾರ್ ಕಾರ್ಡು, ಫೋನು ಎಲ್ಲ ಮೊಮ್ಮಗನ ಹತ್ತಿರ. ಅಜ್ಜಿ ಪಕ್ಕದ ಮನೆಯಲ್ಲಿ ಕೇಳಿ ಉಣ್ಣುತ್ತಾರೆ. ಈಗ ಒಂದೂವರೆ ಎಕರೆ ಜಮೀನು ಬರೆಸಿಕೊಳ್ಳುವ ಮಾತು ನಡೆಯುತ್ತಿದೆ. ಕೇಳಲು ಹೋದರೆ ‘ಇದು ನಮ್ಮ ಮನೆ ವಿಷಯ, ನೀವ್ಯಾರು’ ಅನ್ನುತ್ತಾರೆ. ಪಂಚಾಯಿತಿಗೆ ಏನಾದರೂ ಅಧಿಕಾರ ಇದೆಯಾ?

ಉತ್ತರ: ಮೊಮ್ಮಗನಿಗೆ ದಂಡ ಹಾಕುವ ಅಧಿಕಾರ ಪಂಚಾಯಿತಿಗೆ ಇಲ್ಲಮ್ಮ. ಜಮೀನು ಬರೆದುಕೊಡುವುದನ್ನು ನಿಲ್ಲಿಸುವ ಅಧಿಕಾರವೂ ಇಲ್ಲ. ಆದರೆ ಅಜ್ಜಿ ಪಕ್ಕದ ಮನೆಯಲ್ಲಿ ಉಣ್ಣುತ್ತಿದ್ದಾರೆ ಅನ್ನುವುದು ನಿಮಗೆ ಗೊತ್ತಿದೆ. ತಹಶೀಲ್ದಾರರಿಗೂ ಗೊತ್ತಿಲ್ಲ, ಬ್ಯಾಂಕ್ ಮ್ಯಾನೇಜರಿಗೂ ಗೊತ್ತಿಲ್ಲ. ಕೆಲಸ ಶುರುವಾಗುವುದೇ ಅಲ್ಲಿಂದ.

ಸ್ವಲ್ಪ ಯೋಚಿಸಿ ನೋಡಿ. ಪ್ರತಿ ತಿಂಗಳು ಅಜ್ಜಿಯ ಬೆರಳು ಒತ್ತಿಸಿ ದುಡ್ಡು ತೆಗೆಯುವುದು ಯಾರು ಅನ್ನುವುದು ಊರಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರನಿಗೆ ಗೊತ್ತು. ಬಿಪಿ ಮಾತ್ರೆ ನಿಂತು ಎಷ್ಟು ದಿನ ಆಯಿತು ಅನ್ನುವುದು ಆಶಾ ಕಾರ್ಯಕರ್ತೆಗೆ ಗೊತ್ತು. ಅಕ್ಕಿ ಯಾರು ಒಯ್ಯುತ್ತಾರೆ ಅನ್ನುವುದು ನ್ಯಾಯಬೆಲೆ ಅಂಗಡಿಯವರಿಗೆ ಗೊತ್ತು. ಜಮೀನಿನ ಒಂದು ಭಾಗ ಮಾತ್ರ ಬರೆಸಿಕೊಳ್ಳುವುದಾದರೆ ಮೊದಲು 11ಇ ನಕ್ಷೆ (ಆ ಭಾಗ ಅಳೆದು ಮಾಡುವ ಸರ್ವೆ ನಕ್ಷೆ) ಆಗಬೇಕು, ಹಾಗಾಗಿ ಅಳತೆಗೆ ಅರ್ಜಿ ಬಿದ್ದ ದಿನವೇ ಸರ್ವೆಯವರಿಗೆ ಗೊತ್ತು. ಒಬ್ಬೊಬ್ಬರ ಹತ್ತಿರ ಒಂದೊಂದು ತುಂಡು. ಇವರು ಯಾರೂ ಒಬ್ಬರಿಗೊಬ್ಬರು ಹೇಳುವುದಿಲ್ಲ, ಯಾಕೆಂದರೆ ಹೇಳುವುದು ಅವರ ಕೆಲಸ ಅಂತ ಯಾರೂ ಹೇಳಿಲ್ಲ. ಈ ತುಂಡುಗಳನ್ನು ಜೋಡಿಸುವ ಒಂದು ಜಾಗ ಬೇಕು, ಅದು ಪಂಚಾಯಿತಿ ಆಗಬಹುದು.

ಇದಕ್ಕೆ ಹೊಸ ಆದೇಶ ಬರಲಿ ಅಂತ ಕಾಯಬೇಕಿಲ್ಲ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಗ್ರಾಮ ಪಂಚಾಯಿತಿಗೆ ಸಾಮಾಜಿಕ ನ್ಯಾಯ ಸಮಿತಿ ಇದೆ. ಎಷ್ಟೋ ಕಡೆ ಅದು ನಡಾವಳಿ ಪುಸ್ತಕದಲ್ಲಿ ಸಹಿ ಹಾಕಲು ಮಾತ್ರ ಸೇರುತ್ತದೆ, ಆ ಮಾತು ಬಿಡಿ. ತಿಂಗಳಿಗೊಮ್ಮೆ ಅದರ ಸಭೆಗೆ ಆಶಾ, ಅಂಗನವಾಡಿ ಕಾರ್ಯಕರ್ತೆ, ಗ್ರಾಮ ಆಡಳಿತಾಧಿಕಾರಿ, ಬ್ಯಾಂಕ್ ಮಿತ್ರ, ಪೋಸ್ಟ್‌ಮ್ಯಾನ್, ಬೀಟ್ ಪೊಲೀಸ್ ಇಷ್ಟು ಜನರನ್ನು ಕರೆಯಿರಿ. ನಿಮ್ಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದರೆ ಅವರನ್ನು ಮರೆಯಬೇಡಿ. ಅವರ ಇಲಾಖೆಯ ಹೆಸರೇ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ, ಮನೆ ಮನೆ ತಿರುಗುವವರೂ ಅವರೇ. ಸಭೆಯಲ್ಲಿ ಕೇಳುವುದು ಒಂದೇ ಪ್ರಶ್ನೆ: ಈ ತಿಂಗಳು ಯಾವ ಹಿರಿಯರ ವಿಷಯದಲ್ಲಿ ನಿಮಗೆ ‘ಯಾಕೋ ಸರಿ ಇಲ್ಲ’ ಅನ್ನಿಸಿತು?

ಒಂದು ಎಚ್ಚರಿಕೆ. ಒಂಟಿ ಹಿರಿಯರ ಪಟ್ಟಿಯನ್ನು ದಯವಿಟ್ಟು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಕಳ್ಳನಿಗೆ ಮನೆ ವಿಳಾಸ ಬರೆದುಕೊಟ್ಟ ಹಾಗೆ ಆಗುತ್ತದೆ.

ಪೊಲೀಸರನ್ನು ಯಾಕೆ ಕರೆಯಬೇಕು ಅಂದರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ ಮಾದರಿ ನಿಯಮಗಳಲ್ಲಿ ಪ್ರತಿ ಠಾಣೆಯೂ ತನ್ನ ವ್ಯಾಪ್ತಿಯ ಹಿರಿಯರ, ಅದರಲ್ಲೂ ಒಂಟಿಯಾಗಿರುವವರ ಪಟ್ಟಿ ಇಟ್ಟುಕೊಂಡು, ಒಬ್ಬ ಸಮಾಜ ಕಾರ್ಯಕರ್ತರ ಜೊತೆ ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕು ಅಂತ ಇದೆ. ಠಾಣೆಗೆ ಹೋಗಿ ‘ಆ ಪಟ್ಟಿ ಮಾಡಿದ್ದೀರಾ ಸಾರ್, ಇಲ್ಲದಿದ್ದರೆ ನಮ್ಮ ಊರಿನದು ನಾವು ಕೊಡುತ್ತೇವೆ’ ಅನ್ನಿ. ಜಗಳ ಆಡುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ. ಬೆಂಗಳೂರಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಿಂದ 1090 ಹಿರಿಯರ ಸಹಾಯವಾಣಿ ನಡೆಸುತ್ತಿದ್ದಾರೆ. ಅದರ ಒಳಗುಟ್ಟು ಇಷ್ಟೇ: ಕೂತು ಮಾತಾಡಿಸುವವರು ಸಮಾಲೋಚಕರು, ಬೆನ್ನ ಹಿಂದೆ ಖಾಕಿ ಇದೆ. ಮಗನ ಮೇಲೆ ಕೇಸು ಹಾಕಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ಮಗ ಹೆದರಿದರೆ ಸಾಕು ಅಂತಿರುತ್ತದೆ.

ಇನ್ನು ನಿಮ್ಮ ಅಜ್ಜಿಯ ವಿಷಯ. ಮೊದಲು ಅವರ ಜೊತೆ ಒಂಟಿಯಾಗಿ ಮಾತಾಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಊರ ಮುಂದೆ, ಅರಳಿಕಟ್ಟೆಯಲ್ಲಿ ನ್ಯಾಯ ಸೇರಿಸಬೇಡಿ. ನಾನು ನೋಡಿದ ಒಂದು ಪ್ರಕರಣದಲ್ಲಿ ಅಜ್ಜ ಹತ್ತು ಜನರ ಎದುರು ‘ನಾನೇ ಕೊಟ್ಟೆ, ನನ್ನ ಮಗ ಬಂಗಾರ’ ಅಂದುಬಿಟ್ಟರು. ಬೇರೆ ಏನು ಹೇಳಲಿಕ್ಕಾಗುತ್ತಿತ್ತು? ರಾತ್ರಿ ಅದೇ ಮನೆಯಲ್ಲೇ ಮಲಗಬೇಕಲ್ವಾ. ಬಿಪಿ ನೋಡುವ ನೆಪದಲ್ಲಿ ಆಶಾ ಜೊತೆ ಹೋಗಿ, ಅಥವಾ ಅವರು ಉಣ್ಣುವ ಆ ಪಕ್ಕದ ಮನೆಯಲ್ಲೇ ಕೂತು ಕೇಳಿ. ‘ಮೊಮ್ಮಗ ದುಡ್ಡು ಕದಿಯುತ್ತಾನಾ’ ಅಂತ ಕೇಳಬೇಡಿ, ‘ಪಿಂಚಣಿ ಬಂದ ದಿನ ನಿಮ್ಮ ಕೈಗೆ ಎಷ್ಟು ಬರುತ್ತೆ ಅಜ್ಜಿ’ ಅಂತ ಕೇಳಿ.

ಸಂಧ್ಯಾ ಸುರಕ್ಷಾ ತಿಂಗಳಿಗೆ 1,200 ರೂಪಾಯಿ. ಅಜ್ಜಿ ಒಪ್ಪಿದರೆ ಪೋಸ್ಟ್ ಆಫೀಸಿನಲ್ಲೋ ಬ್ಯಾಂಕಿನಲ್ಲೋ ಹೊಸ ಖಾತೆ ತೆರೆಸಿ ಆಧಾರ್ ಜೋಡಿಸಿ. ಆಧಾರ್ ಆಧಾರದ ಮೇಲೆ ಬರುವ ಹಣ ಕೊನೆಯದಾಗಿ ಜೋಡಿಸಿದ ಖಾತೆಗೇ ಹೋಗುತ್ತದೆ. ಪಾಸ್‌ಬುಕ್ಕು ಅಜ್ಜಿ ಹತ್ತಿರ ಇರಲಿ, ಅವರಿಗೆ ನಂಬಿಕೆ ಇದ್ದರೆ ಆ ಪಕ್ಕದ ಮನೆಯಾಕೆಯ ಹತ್ತಿರವೂ ಇರಬಹುದು. ಬೆರಳು ಒತ್ತಿ ದುಡ್ಡು ತೆಗೆಯುವಾಗ ಪ್ರಿಂಟಾದ ಚೀಟಿ ಕೇಳುವುದನ್ನು ಅಭ್ಯಾಸ ಮಾಡಿಸಿ. ‘ಬೆರಳು ಹಿಡೀಲಿಲ್ಲ, ಇನ್ನೊಂದ್ಸಲ ಇಡಿ’ ಅಂತ ಎರಡು ಸಲ ಹಣ ತೆಗೆಯುವ ಮೋಸ ಹಳೆಯದು. ಬ್ಯಾಂಕ್ ಮಿತ್ರರೆಲ್ಲ ಹಾಗಲ್ಲ, ಊರಿಗೆ ಅವರೇ ದಿಕ್ಕು, ಆದರೂ ಚೀಟಿ ಕೇಳಿದರೆ ಯಾರಿಗೂ ಬೇಜಾರಾಗಬಾರದು. 2023ರಲ್ಲಿ ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಬೆರಳಚ್ಚು ಬಳಸಿ ಹಣ ಎಗರಿಸಿದ ದೂರುಗಳು ಬಂದಿದ್ದವು, ನೆನಪಿರಬಹುದು. ಎಂಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಇದೆ. ಆದರೆ ಲಾಕ್ ಮಾಡಿದರೆ ಅಜ್ಜಿಗೂ ಬೆರಳಿನಿಂದ ದುಡ್ಡು ಬರುವುದಿಲ್ಲ, ಬ್ಯಾಂಕಿಗೇ ಹೋಗಿ ಚೀಟಿ ಬರೆಯಬೇಕು. ಬ್ಯಾಂಕು ಎಂಟು ಕಿಲೋಮೀಟರ್ ದೂರ ಇದ್ದರೆ ಇದು ಬೇಡ.

ಜಮೀನಿನ ವಿಷಯಕ್ಕೆ ಬರುತ್ತೇನೆ, ಇಲ್ಲೇ ಜಾಸ್ತಿ ಜನ ಎಡವುವುದು. 2007ರ ಕಾಯ್ದೆಯ 23ನೇ ಕಲಂ ಪ್ರಕಾರ, ‘ನನ್ನನ್ನು ನೋಡಿಕೊಳ್ಳಬೇಕು’ ಅನ್ನುವ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಅನ್ನುವ ಪದದಲ್ಲೇ ಎಲ್ಲ ಇದೆ. 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಂಥ ಷರತ್ತು ಇತ್ತು ಅಂತ ತೋರಿಸಲಾಗದ ಕಾರಣ ತಾಯಿಯ ವಿರುದ್ಧ ತೀರ್ಪು ಕೊಟ್ಟಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಮಧ್ಯಪ್ರದೇಶದ ಇನ್ನೊಬ್ಬ ತಾಯಿ ಗೆದ್ದರು. ಮಗ ನೋಡಿಕೊಳ್ಳುವ ವಚನ ಬರೆದುಕೊಟ್ಟ ಕಾಗದ ಅವರ ಹತ್ತಿರ ಇತ್ತು. ದಾನಪತ್ರ ರದ್ದಾಯಿತು, ಸ್ವಾಧೀನವನ್ನೂ ವಾಪಸ್ ಕೊಡಿಸಿದರು. ಒಂದು ಹಾಳೆಯ ವ್ಯತ್ಯಾಸ ನೋಡಿ.

ಹಾಗಾಗಿ ಅಜ್ಜಿಗೆ ಬರೆದುಕೊಡಲು ಮನಸ್ಸಿಲ್ಲದಿದ್ದರೆ ಹೆಬ್ಬೆಟ್ಟು ಒತ್ತುವುದು ಬೇಡ ಅಂತ ಸ್ಪಷ್ಟವಾಗಿ ಹೇಳಿ. ಕೊಡಲೇಬೇಕು ಅಂತ ಅವರಿಗೇ ಇದ್ದರೆ, ಊಟ, ಬಟ್ಟೆ, ಔಷಧಿ, ಇರಲು ಜಾಗ ಕೊಡಬೇಕು ಅನ್ನುವ ಸಾಲು ಪತ್ರದಲ್ಲೇ ಬರಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ, ಪತ್ರ ಬರಹಗಾರರ ಹತ್ತಿರ ಹೋಗುವ ಮೊದಲು ಅಲ್ಲಿಗೆ ಕರೆದೊಯ್ಯಿರಿ. ಆಗಲೇ ಬರೆದುಕೊಟ್ಟು ಬೀದಿಗೆ ಬಿದ್ದಿದ್ದರೆ ಉಪವಿಭಾಗಾಧಿಕಾರಿ, ಅಂದರೆ ಎಸಿಯವರ ಮುಂದೆ ಅರ್ಜಿ. ಅಲ್ಲಿ ವಕೀಲರು ಬೇಕಿಲ್ಲ. ಜೀವನಾಂಶ ತಿಂಗಳಿಗೆ 10,000 ರೂಪಾಯಿವರೆಗೆ ಆದೇಶ ಆಗಬಹುದು, ಜೀವನಾಂಶದ ಅರ್ಜಿ 90 ದಿನದಲ್ಲಿ ಮುಗಿಯಬೇಕು ಅಂತ ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳುತ್ತದೆ ಅಷ್ಟೇ, ಓಡಾಟಕ್ಕೆ ತಯಾರಾಗಿರಿ. ಅಜ್ಜಿಗೆ ನಡೆದಾಡಲು ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಬೇರೊಬ್ಬರು ಜೀವನಾಂಶಕ್ಕೆ ಅರ್ಜಿ ಹಾಕಬಹುದು. ಅದು ನೀವೂ ಆಗಬಹುದು.

ಕೊನೆಗೆ ಒಂದು, ಮೊಮ್ಮಗನನ್ನೂ ಮಾತಾಡಿಸಿ. ಮೈಕ್ರೋಫೈನಾನ್ಸ್ ಕಂತು ಕುತ್ತಿಗೆಗೆ ಬಂದು ಪಿಂಚಣಿಗೆ ಕೈ ಹಾಕಿದವನಿಗೂ ಇಸ್ಪೀಟು ಆಡಲು ತೆಗೆದವನಿಗೂ ಒಂದೇ ಔಷಧಿ ಆಗುವುದಿಲ್ಲ.

ಪ್ರಶ್ನೆ: ನನಗೆ 71. ದಾವಣಗೆರೆಯಲ್ಲಿ ಸ್ವಂತ ಮನೆ. ಮಗ ‘ಈಗಲೇ ದಾನಪತ್ರ ಮಾಡಿಬಿಡಿ ಅಪ್ಪಾಜಿ, ಮುಂದೆ ತೊಂದರೆ ಬೇಡ’ ಅನ್ನುತ್ತಾನೆ. ಮಗ ಒಳ್ಳೆಯವನೇ. ಏನು ಮಾಡಲಿ?

ಉತ್ತರ: ಮಗ ಒಳ್ಳೆಯವನಾದರೆ ವಿಲ್ ಸಾಕು ಸಾರ್. ವಿಲ್ ಆದರೆ ಬದುಕಿರುವವರೆಗೆ ಮನೆ ನಿಮ್ಮದೇ, ಮನಸ್ಸು ಬದಲಾದರೆ ಬದಲಾಯಿಸಲೂಬಹುದು. ದಾನಪತ್ರ ನೋಂದಣಿಯಾದ ಮೇಲೆ ನಿಮ್ಮ ಮನೆಯಲ್ಲಿ ನೀವೇ ನೆಂಟರು. ಅವನು ಬ್ಯಾಂಕ್ ಸಾಲಕ್ಕೋ ಇನ್ನೇನಕ್ಕೋ ದಾನಪತ್ರವೇ ಬೇಕು ಅಂದರೆ, ನಿಮ್ಮ ಮತ್ತು ನಿಮ್ಮ ಹೆಂಡತಿಯ ಜೀವಿತಾವಧಿವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಮತ್ತು ಪೋಷಣೆಯ ಷರತ್ತು ಎರಡನ್ನೂ ಬರೆಸಿ. ಆ ಸಾಲು ನೋಡಿ ಮಗನ ಮುಖ ಸಪ್ಪಗಾದರೆ, ಅದೂ ಒಂದು ಉತ್ತರವೇ.

ಪ್ರಶ್ನೆ: ನಾನು ದುಬೈನಲ್ಲಿದ್ದೇನೆ. ಮೈಸೂರಿನಲ್ಲಿ ಅಮ್ಮ ಒಬ್ಬರೇ. ಸಂಬಂಧಿಕರೊಬ್ಬರು ಎಟಿಎಂ ಕಾರ್ಡ್ ಇಟ್ಟುಕೊಂಡಿದ್ದಾರೆ, ಲೆಕ್ಕ ಹೊಂದುತ್ತಿಲ್ಲ. ಅಮ್ಮನಿಗೆ ಅವರನ್ನು ಎದುರು ಹಾಕಿಕೊಳ್ಳಲು ಭಯ.

ಉತ್ತರ: ಅಮ್ಮನ ಭಯ ಸುಮ್ನೆ ಅಲ್ಲ. ರಾತ್ರಿ ಎದೆ ನೋವು ಬಂದರೆ ಬರುವವರು ಅವರೇ ತಾನೇ, ನೀವು ವಿಮಾನ ಹತ್ತಬೇಕು. ಆದ್ದರಿಂದ ಜಗಳ ಬೇಡ, ದಾರಿ ಬದಲಾಯಿಸಿ. ಅಮ್ಮನಿಂದ ಹಳೆಯ ಕಾರ್ಡ್ ಬ್ಲಾಕ್ ಮಾಡಿಸಿ, ‘ಬ್ಯಾಂಕಿನವರೇ ಹೊಸದು ಮಾಡಿದರು’ ಅನ್ನಲಿ. ಹೊಸ ಕಾರ್ಡಿನ ದಿನದ ಮಿತಿ ಇಳಿಸಿ, ಇಮೇಲ್ ಅಲರ್ಟ್ ನಿಮಗೆ ಬರುವಂತೆ ಮಾಡಿ. ಜಂಟಿ ಖಾತೆ ಮಾಡುವುದಾದರೆ ಅಮ್ಮನ ಹೆಸರು ಮೊದಲಿಟ್ಟು ಅರ್ಜಿಯಲ್ಲಿ ‘ಫಾರ್ಮರ್ ಆರ್ ಸರ್ವೈವರ್’ (ಮೊದಲ ಹೆಸರಿನವರು, ಅವರ ನಂತರ ಉಳಿದವರು) ಅಂತ ಹಾಕಿಸಿ, ಆಗ ಅಮ್ಮ ಇರುವವರೆಗೆ ಅಮ್ಮನ ಸಹಿಗೆ ಮಾತ್ರ ಹಣ. ‘ಈದರ್’ ಅಂತ ಹಾಕಿದರೆ ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು. ಅಮ್ಮನಿಗೆ 70 ದಾಟಿದ್ದರೆ ಮನೆ ಬಾಗಿಲಿಗೇ ಬ್ಯಾಂಕ್ ಸೇವೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ, ಶಾಖೆಯಲ್ಲಿ ಕೇಳಿ. ಅಮ್ಮ ತಾವಾಗಿ ಮಾತಾಡಲು ಒಪ್ಪಿದರೆ 14567, ಹಿರಿಯರ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಕನ್ನಡದಲ್ಲೇ ಮಾತಾಡುತ್ತಾರೆ. ಆನ್‌ಲೈನ್ ಮೋಸವೇ ಆಗಿ ಹಣ ಹೋಗಿದ್ದರೆ ಮಾತ್ರ ಅಲ್ಲಿಗಲ್ಲ, ತಡಮಾಡದೆ 1930ಕ್ಕೆ.